ಕೇದರ ಮೀನು: ಅದರ ಬಿಸಿರಕ್ತ, ಗಾಳದ ಬೇಟೆ ಮತ್ತು ಮಾಂಸದ ರಕ್ಷಣೆ

ಕರಾವಳಿಯ ಮೀನುಪೇಟೆಗಳಲ್ಲಿ ಅಂಜಲ್, ಮಾಂಜಿ ಮುಂತಾದ ಮೀನುಗಳಿಗೆ ಇರುವ ಮರ್ಯಾದೆಯು ಕೇದರಕ್ಕೆ ಇಲ್ಲ. ಇದರ ಮಾಂಸವು ಕೆಂಪು, ರಕ್ತವು ಹೆಚ್ಚು, ಹಿಡಿದ ಕೆಲವು ಗಳಿಗೆಗಳಲ್ಲಿಯೇ ಕೆಡುವುದು, ತಿಂದವರಿಗೆ ಒಮ್ಮೊಮ್ಮೆ ಮೈ ತುರಿಸುವುದು ಎಂಬ ದೂರುಗಳು ಬಹುಕಾಲದಿಂದ ಇವೆ. ಆದರೆ ಇದೇ ಮೀನನ್ನು ಗಾಳದ ಕೋಲಿನಿಂದ ಹಿಡಿಯುವುದಕ್ಕಾಗಿ ಆಸ್ಟ್ರೇಲಿಯಾ ದೇಶದ ಕ್ವೀನ್ಸ್‌ಲೆಂಡ್ ತೀರದಲ್ಲಿ ಜನರು ಬೆಳಗಾಗುವ ಮೊದಲೇ ದೋಣಿಯನ್ನು ಇಳಿಸುವರು. ಇದರ ಸೋದರ ಜಾತಿಯೊಂದು ಅಟ್ಲಾಂಟಿಕ್ ಸಾಗರದಲ್ಲಿರುವುದು. ಅಮೆರಿಕದ ಉತ್ತರ ಕೆರೊಲಿನಾ ಪ್ರಾಂತದ ಲುಕ್‌ಔಟ್ ಭೂಶಿರದ ಬಳಿಗೆ ಆ ಮೀನು ಶರತ್ಕಾಲದಲ್ಲಿ ಬರುವಾಗ, ಅದರ ಬೇಟೆಗಾಗಿ ಜನರು ದೂರದ ಊರುಗಳಿಂದ ಬಂದು ತಂಗುವರು.

ಒಂದು ಕಡೆ ಅನಾದರ, ಇನ್ನೊಂದು ಕಡೆ ಇಷ್ಟು ಆದರ. ವಿಚಾರಿಸಿ ನೋಡಿದರೆ ಎರಡಕ್ಕೂ ಮೂಲವು ಒಂದೇ ಆಗಿದೆ. ಕೇದರವು ಬಿಸಿರಕ್ತದ ಮೀನು. ಗಾಳದ ನೂಲನ್ನು ಸೆಳೆದುಕೊಂಡು ಓಡುವ ಬಲವನ್ನು ಅದಕ್ಕೆ ಕೊಡುವ ಗುಣವೇ, ಸತ್ತ ಮೇಲೆ ಅದರ ಮಾಂಸವನ್ನು ಬೇಗನೆ ಕೆಡಿಸುವುದು. ಈ ಸಂಗತಿಯನ್ನು ತಿಳಿದವರಿಗೆ ಕೇದರವು ಒಳ್ಳೆಯ ಬೇಟೆಯೂ ಒಳ್ಳೆಯ ಆಹಾರವೂ ಆಗುವುದು. ತಿಳಿಯದವರಿಗೆ ಅದು ರೋಗಕ್ಕೆ ಕಾರಣವಾಗಬಹುದು. ಕಡಲತಡಿಯ ಗ್ರಾಮಗಳ ಹಿಡುವಳಿದಾರರೂ ಮುಖ್ಯಸ್ಥರೂ ಅನೇಕ ವೇಳೆ ದೋಣಿಗಳಿಗೆ ಬಂಡವಾಳ ಕೊಟ್ಟವರೂ, ಊರಿಗೆ ಬಂದ ಅತಿಥಿಗಳಿಗೆ ದಾರಿ ತೋರಿಸುವವರೂ ಆಗಿರುವರು. ಊಟದಿಂದ ಯಾರಾದರೂ ಅಸ್ವಸ್ಥರಾದರೆ ಮೊದಲು ಸುದ್ದಿ ತಿಳಿಯುವುದೂ ಇವರಿಗೇ. ಆದಕಾರಣ ಈ ಮೀನಿನ ವಿಷಯವನ್ನು ಅವರು ಚೆನ್ನಾಗಿ ತಿಳಿದಿರುವುದು ಅವಶ್ಯ.

೧. ಮೀನಿನ ಗುರುತು

ಕೇದರ ಅಥವಾ ಗೇದರ ಎಂಬ ಹೆಸರು ಕರಾವಳಿಯಲ್ಲಿ ಟ್ಯೂನಾ ವರ್ಗದ ಹಲವು ಮೀನುಗಳಿಗೆ ಸಲ್ಲುವುದು. ಇಲ್ಲಿ ಹೇಳುವ ಜಾತಿಗೆ ಶಾಸ್ತ್ರದಲ್ಲಿ ಯೂಥಿನ್ನಸ್ ಅಫಿನಿಸ್ ಎಂದು ಹೆಸರು. ಥಿಯೊಡೋರ್ ಕ್ಯಾಂಟರ್ ಎಂಬ ವಿದ್ವಾಂಸನು ೧೮೪೯ರಲ್ಲಿ ಮಲಯದ ಮೀನುಗಳನ್ನು ವರ್ಣಿಸಿದಾಗ ಇದನ್ನು ಮೊದಲು ವಿವರಿಸಿದನು. ಹವಾಯಿ ದ್ವೀಪದವರು ಇಟ್ಟ ಕವಕವ ಎಂಬ ಹೆಸರೇ ಈಗ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಪೂರ್ವ ಆಫ್ರಿಕದ ತೀರದಿಂದ ಭಾರತದ ಎರಡು ಕರಾವಳಿಗಳನ್ನೂ ಹಾದು ಶಾಂತಸಾಗರದ ದ್ವೀಪಗಳವರೆಗೆ, ೧೮ರಿಂದ ೨೯ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ನೀರಿನಲ್ಲಿ ಇದು ವಾಸಿಸುವುದು. ದೊಡ್ಡ ಟ್ಯೂನಾಗಳಂತೆ ನಡುಸಾಗರವನ್ನು ಆಶ್ರಯಿಸದೆ ದಡಕ್ಕೆ ಸಮೀಪದಲ್ಲಿಯೇ ಇರುವುದು ಇದರ ವಿಶೇಷ.

ಸಾಮಾನ್ಯವಾಗಿ ಸಿಕ್ಕುವ ಮೀನು ೬೦ ಸೆಂಟಿಮೀಟರಿನವರೆಗೆ ಉದ್ದವಿರುವುದು. ಅಪರೂಪವಾಗಿ ೧ ಮೀಟರು ಉದ್ದವೂ ಸುಮಾರು ೧೪ ಕಿಲೋಗ್ರಾಮು ತೂಕವೂ ಆಗುವುದುಂಟು. ಬೆನ್ನು ಕಡುನೀಲಿ, ಹೊಟ್ಟೆ ಬೆಳ್ಳಿಯ ಬಣ್ಣ. ಬೆನ್ನಿನ ಹಿಂಭಾಗದಲ್ಲಿ ಓರೆಯಾದ, ಅಲೆಯಂತೆ ಮುರಿದ ಕಪ್ಪು ಗೆರೆಗಳಿರುವುವು. ಎದೆಯ ರೆಕ್ಕೆಗೂ ಹೊಟ್ಟೆಯ ರೆಕ್ಕೆಗೂ ನಡುವೆ, ಬೆರಳಿನಿಂದ ಶಾಯಿ ಒತ್ತಿದಂತೆ, ಕೆಲವು ಕಪ್ಪು ಚುಕ್ಕೆಗಳಿರುವುವು. ಈ ಎರಡು ಗುರುತುಗಳನ್ನು ನೋಡಿದರೆ ತಪ್ಪಾಗುವುದಿಲ್ಲ. ಸ್ಕಿಪ್‌ಜ್ಯಾಕ್ ಎಂಬ ಟ್ಯೂನಾಕ್ಕೆ ಗೆರೆಗಳು ಬೆನ್ನಿನ ಮೇಲಲ್ಲ, ಹೊಟ್ಟೆಯ ಮೇಲೆ ಉದ್ದುದ್ದವಾಗಿರುವುವು. ಫ್ರಿಗೇಟ್ ಟ್ಯೂನಾದಲ್ಲಿ ಬೆನ್ನಿನ ಎರಡು ರೆಕ್ಕೆಗಳ ನಡುವೆ ಬಹಳ ಅಂತರವಿರುವುದು. ಕೇದರದಲ್ಲಿ ಅವು ಒಂದಕ್ಕೊಂದು ಹತ್ತಿರವಿರುವುವು.

೨. ಬಿಸಿರಕ್ತದ ವಿಚಾರ

ಸಾಮಾನ್ಯವಾದ ಮೀನಿನ ಮೈ ಅದು ಇರುವ ನೀರಿನಷ್ಟೇ ತಣ್ಣಗಿರುವುದು. ಟ್ಯೂನಾ ವರ್ಗವು ಈ ನಿಯಮಕ್ಕೆ ಹೊರತು. ಜಾನ್ ಡೇವಿ ಎಂಬ ವೈದ್ಯನು ೧೮೩೫ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕೇದರದ ಬಂಧುವಾದ ಬೊನಿಟೊ ಮೀನಿನ ಮೈ ಸುತ್ತಲಿನ ನೀರಿಗಿಂತ ಸುಮಾರು ೧೦ ಡಿಗ್ರಿ ಸೆಂಟಿಗ್ರೇಡ್ ಹೆಚ್ಚು ಬಿಸಿಯಾಗಿದ್ದುದನ್ನು ತಿಳಿಸಿದನು. ಕೇದರದ ಸ್ನಾಯುಗಳೂ ನೀರಿಗಿಂತ ಕೆಲವು ಡಿಗ್ರಿಗಳಷ್ಟು ಬಿಸಿಯಾಗಿರುವುವು.

ಇದು ಆಗುವ ರೀತಿಯನ್ನು ಬಚ್ಚಲ ಹಂಡೆಯ ಉದಾಹರಣೆಯಿಂದ ತಿಳಿಯಬಹುದು. ಹಂಡೆಯಿಂದ ಹೊರಕ್ಕೆ ಹೋಗುವ ಬಿಸಿನೀರಿನ ಕೊಳವೆಯನ್ನೂ, ಒಳಕ್ಕೆ ಬರುವ ತಣ್ಣೀರಿನ ಕೊಳವೆಯನ್ನೂ ಒಂದಕ್ಕೊಂದು ಅಂಟಿಸಿ ಇಟ್ಟರೆ, ಹೊರಹೋಗುವ ಶಾಖವು ಒಳಬರುವ ನೀರಿಗೆ ತಗುಲಿ ಹಂಡೆಗೇ ಹಿಂದಿರುಗುವುದು. ಕೇದರದ ಬೆನ್ನೆಲುಬಿನ ಕೆಳಗೆ ಹಾಗೆಯೇ ಸಣ್ಣ ರಕ್ತನಾಳಗಳ ಒಂದು ದಟ್ಟವಾದ ಜಾಲವಿದೆ. ಸ್ನಾಯುಗಳಿಂದ ಬರುವ ಬಿಸಿ ರಕ್ತದ ನಾಳಗಳೂ, ಕಿವಿರಿನಿಂದ ಬರುವ ತಣ್ಣನೆಯ ರಕ್ತದ ನಾಳಗಳೂ ಅಲ್ಲಿ ಪಕ್ಕಪಕ್ಕದಲ್ಲಿ ಹಾದುಹೋಗುವುವು. ಆದ್ದರಿಂದ ಶಾಖವು ಕಿವಿರಿನ ಮೂಲಕ ಸಮುದ್ರಕ್ಕೆ ನಷ್ಟವಾಗದೆ ಮೈಯಲ್ಲಿಯೇ ಉಳಿಯುವುದು. ಬೆಚ್ಚಗಿರುವ ಸ್ನಾಯುವು ತಣ್ಣಗಿರುವ ಸ್ನಾಯುವಿಗಿಂತ ಬೇಗ ಕೆಲಸಮಾಡುವುದು. ಮೀನಿಗೆ ದೀರ್ಘಕಾಲ ವೇಗವಾಗಿ ಈಜುವ ಶಕ್ತಿ ಬರುವುದು.

ಇದಕ್ಕೆ ತಕ್ಕಂತೆ ಮೈಕಟ್ಟೂ ಇದೆ. ಶರೀರವು ಕದಿರಿನಂತೆ ಎರಡು ಕಡೆಗೂ ಸಪೂರವಾಗಿದ್ದು, ಎದೆಯ ಮೇಲಿನ ಕವಚದಂತಹ ಭಾಗವನ್ನೂ ಪಕ್ಕದ ಗೆರೆಯನ್ನೂ ಬಿಟ್ಟರೆ ಉಳಿದೆಡೆ ಹುರುಪೆಗಳಿಲ್ಲ. ಬೆನ್ನಿನ ಮೊದಲ ರೆಕ್ಕೆಯು ಬೇಕೆಂದಾಗ ಒಂದು ಹಳ್ಳದೊಳಕ್ಕೆ ಮಡಿಸಿಕೊಳ್ಳುವುದು. ಬಾಲವು ಎಳೆಯ ಚಂದ್ರನ ಆಕಾರದಲ್ಲಿ ಗಟ್ಟಿಯಾಗಿರುವುದು. ಇತರ ಅನೇಕ ಮೀನುಗಳಲ್ಲಿರುವ ಗಾಳಿಚೀಲವು ಇದಕ್ಕೆ ಇಲ್ಲ. ಬಾಯಿ ತೆರೆದು ಮುಂದಕ್ಕೆ ಈಜುವುದರಿಂದಲೇ ನೀರು ಕಿವಿರಿನ ಮೂಲಕ ಹಾಯುವುದು; ಆದ್ದರಿಂದ ಕೇದರವು ನಿಂತರೆ ಉಸಿರು ಕಟ್ಟುವುದು. ಹುಟ್ಟಿದಂದಿನಿಂದ ಸಾಯುವವರೆಗೆ ಅದಕ್ಕೆ ವಿಶ್ರಾಂತಿಯೆಂಬುದಿಲ್ಲ.

ಇನ್ನೊಂದು ಸಂಗತಿಯೂ ಉಂಟು. ಬಿರುಸಾಗಿ ಓಡುವಾಗ ಸ್ನಾಯುಗಳಲ್ಲಿ ಆಮ್ಲವು ಹುಟ್ಟುವುದು. ಅದನ್ನು ತಡೆದುಕೊಳ್ಳಲು ಟ್ಯೂನಾಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಪದಾರ್ಥವು ಹೇರಳವಾಗಿರುವುದು. ಮೀನು ಬದುಕಿರುವಾಗ ಇದು ಅದಕ್ಕೆ ಬಲ. ಸತ್ತ ಮೇಲೆ ಇದೇ ವಿಷಕ್ಕೆ ಮೂಲ. ಇದರ ವಿವರವು ಮುಂದೆ ಬರುವುದು.

೩. ಬೇಟೆಗಾರರು ಇದನ್ನು ಮೆಚ್ಚುವ ಕಾರಣ

ಗಾಳದ ಕೋಲಿನ ಬೇಟೆಯು ಕನ್ನಡನಾಡಿಗೆ ಹೊಸದಲ್ಲ. ಕಾವೇರಿಯ ಮಹಸೀರ್ ಮೀನಿನ ಖ್ಯಾತಿಯು ಹೊರದೇಶಗಳಿಗೂ ಹಬ್ಬಿತ್ತು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬುವನು ಭಾರತದಲ್ಲಿ ಗಾಳದ ಬೇಟೆಯನ್ನು ಕುರಿತು ಬರೆದ ಗ್ರಂಥವು ೧೮೭೩ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಆದರೆ ಆ ಕಾಲದ ರಸಿಕರ ದೃಷ್ಟಿಯು ಮುಖ್ಯವಾಗಿ ಹೊಳೆಯ ಮೀನಿನ ಮೇಲಿತ್ತು. ಸಮುದ್ರದ ಬೇಟೆಗೆ ಲೋಕದಲ್ಲಿ ಒಂದು ಕ್ರಮವು ಏರ್ಪಟ್ಟದ್ದು ತಡವಾಗಿ. ೧೯೩೯ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಬೇಟೆಮೀನುಗಳ ಸಂಘವು ಗಾಳದಲ್ಲಿ ಸಿಕ್ಕಿದ ಅತಿ ದೊಡ್ಡ ಮೀನುಗಳ ದಾಖಲೆಯನ್ನು ಇಡುತ್ತಿದೆ. ಕವಕವವೂ ಆ ಪಟ್ಟಿಯಲ್ಲಿ ಸೇರಿದೆ.

ಕೇದರವನ್ನು ಬೇಟೆಗಾರರು ಮೆಚ್ಚುವುದಕ್ಕೆ ನಾಲ್ಕು ಕಾರಣಗಳನ್ನು ಹೇಳಬಹುದು. ಮೊದಲನೆಯದು, ಗಾತ್ರಕ್ಕೆ ಮೀರಿದ ಬಲ. ಎರಡು ಮೂರು ಕಿಲೋಗ್ರಾಮಿನ ಮೀನು ಕೂಡ ಗಾಳ ತಗುಲಿದೊಡನೆ ರಾಟೆಯಿಂದ ನೂರು ಮೀಟರಿನಷ್ಟು ನೂಲನ್ನು ಒಂದೇ ಓಟದಲ್ಲಿ ಸೆಳೆದುಕೊಂಡು ಹೋಗಬಲ್ಲುದು. ಹೊಳೆಯ ಮೀನು ಬಂಡೆಯ ಸಂದಿಗೋ ಮರದ ಬೇರಿಗೋ ನೂಲನ್ನು ಸುತ್ತಿ ಪಾರಾಗುವುದು. ಕೇದರಕ್ಕೆ ಬಯಲುನೀರಿನಲ್ಲಿ ಅಂತಹ ಆಸರೆಯಿಲ್ಲ. ತನ್ನ ಓಟವೊಂದೇ ಅದರ ನಂಬಿಕೆ. ಎರಡನೆಯದು, ಬೇಟೆಯು ಕಣ್ಣಿಗೆ ಕಾಣುವುದು. ಹಿಂಡು ಮೇಲಕ್ಕೆ ಬಂದಾಗ ನೀರು ಕುದಿಯುವಂತೆ ತೋರುವುದು, ಸಣ್ಣ ಮೀನುಗಳು ಮಳೆಹನಿಯಂತೆ ಮೇಲಕ್ಕೆ ಚಿಮ್ಮುವುವು, ಕಡಲಹಕ್ಕಿಗಳು ಅವುಗಳ ಮೇಲೆ ಎರಗುವುವು. ಮೂರನೆಯದು, ಮೀನಿನ ಚುರುಕಾದ ಕಣ್ಣು. ಹಿಂಡು ಯಾವ ಗಾತ್ರದ ಮರಿಗಳನ್ನು ತಿನ್ನುತ್ತಿರುವುದೋ ಅದಕ್ಕಿಂತ ದೊಡ್ಡ ಎರೆಯನ್ನು ಅನೇಕ ವೇಳೆ ಮೂಸಿಯೂ ನೋಡುವುದಿಲ್ಲ. ಆದ್ದರಿಂದ ಬೇಟೆಗಾರನ ಬುದ್ಧಿಗೂ ಪರೀಕ್ಷೆಯಾಗುವುದು. ನಾಲ್ಕನೆಯದು, ಸುಲಭವಾದ ವೆಚ್ಚ. ದೊಡ್ಡ ಟ್ಯೂನಾಗಳಿಗೆ ಬಹುದೂರ ಹೋಗಬಲ್ಲ ಹಡಗು ಬೇಕು; ಕೇದರವು ದಡ ಕಾಣುವಷ್ಟು ದೂರದಲ್ಲಿಯೇ ಚಿಕ್ಕ ದೋಣಿಗೆ ಸಿಕ್ಕುವುದು.

೪. ಬೇಟೆಯ ಕ್ರಮ

ಕೇದರವು ಸಮಾನ ಗಾತ್ರದ ಇತರ ಟ್ಯೂನಾಗಳೊಡನೆ ಬೆರೆತು, ನೂರರಿಂದ ಐದು ಸಾವಿರಕ್ಕೂ ಮೇಲ್ಪಟ್ಟ ಸಂಖ್ಯೆಯ ಹಿಂಡುಗಳಲ್ಲಿ ಸಂಚರಿಸುವುದು. ತಾರಲೆ ಮುಂತಾದ ಸಣ್ಣ ಮೀನುಗಳು, ಬೊಂಡಾಸ, ಸಿಗಡಿ ಇವು ಇದರ ಆಹಾರ. ಸಣ್ಣ ಮೀನು ಎಲ್ಲಿಯೋ ಕೇದರವೂ ಅಲ್ಲಿಯೇ. ಆದಕಾರಣ ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ, ಬೆಳಗಿನ ಹೊತ್ತು ಹಕ್ಕಿಗಳ ಗುಂಪನ್ನು ನೋಡಿ ದೋಣಿಯನ್ನು ನಡೆಸತಕ್ಕದ್ದು.

ದೋಣಿಯನ್ನು ಹಿಂಡಿನ ಮಧ್ಯಕ್ಕೆ ನುಗ್ಗಿಸಿದರೆ ಮೀನುಗಳು ಆಳಕ್ಕೆ ಇಳಿಯುವುವು. ಹಿಂಡು ಸಾಗುವ ದಿಕ್ಕನ್ನು ಗಮನಿಸಿ, ಮುಂದೆ ಹೋಗಿ, ಯಂತ್ರವನ್ನು ನಿಧಾನಗೊಳಿಸಿ ಕಾಯುವುದು ಉತ್ತಮ. ಹೊಳೆಯುವ ಲೋಹದ ಚಿಕ್ಕ ಎರೆಯನ್ನು ಹಿಂಡಿನ ಅಂಚಿಗೆ ಎಸೆದು ವೇಗವಾಗಿ ಸೆಳೆಯಬೇಕು. ಹಕ್ಕಿಯ ಗರಿ ಅಥವಾ ಕೂದಲನ್ನು ಗಾಳಕ್ಕೆ ಕಟ್ಟಿ ಮಾಡಿದ ಹಗುರವಾದ ಎರೆಯಿಂದ ಹಿಡಿಯುವುದನ್ನು ಹೊರದೇಶದ ರಸಿಕರು ಅತಿ ಶ್ರೇಷ್ಠವಾದ ಬೇಟೆಯೆಂದು ಎಣಿಸುವರು. ಓಡುವ ದೋಣಿಯ ಹಿಂದೆ ಎರೆಯನ್ನು ಎಳೆದುಕೊಂಡು ಹೋಗುವ ಕ್ರಮವು ನಮ್ಮ ಕರಾವಳಿಯವರಿಗೂ ತಿಳಿದದ್ದೇ. ಮೀನು ಮೊದಲು ಓಡುವಾಗ ನೂಲನ್ನು ಬಿಗಿಹಿಡಿದರೆ ನೂಲು ತುಂಡಾಗುವುದು, ಇಲ್ಲವೆ ಕೈ ಕೊಯ್ಯುವುದು. ಓಡಗೊಟ್ಟು, ನಿಂತಾಗ ಸೆಳೆದುಕೊಳ್ಳಬೇಕು.

ಆದರೂ ಬೇಟೆಯನ್ನು ಬೇಕೆಂದು ಉದ್ದ ಮಾಡತಕ್ಕದ್ದಲ್ಲ. ತೀರ ಸಣ್ಣ ನೂಲಿನಿಂದ ಬಹುಹೊತ್ತು ಕಾದಾಡಿಸಿದರೆ ಮೀನಿನ ಮೈ ಇನ್ನೂ ಕಾಯುವುದು, ಮಾಂಸದಲ್ಲಿ ಆಮ್ಲವು ತುಂಬುವುದು. ಅಂತಹ ಮೀನನ್ನು ಬಿಟ್ಟರೆ ಬದುಕುವುದು ಕಷ್ಟ. ಇಟ್ಟುಕೊಂಡರೆ ಮಾಂಸವು ಕಳಪೆ.

೫. ಬಿಡತಕ್ಕ ಮೀನು

ಸುಮಾರು ೪೦ ಸೆಂಟಿಮೀಟರಿಗಿಂತ ಚಿಕ್ಕದಾದ ಮೀನುಗಳಲ್ಲಿ ಹಲವು ಇನ್ನೂ ಮೊಟ್ಟೆಯಿಟ್ಟಿರುವುದಿಲ್ಲ. ೧.೪ ಕಿಲೋಗ್ರಾಮು ತೂಕದ ಹೆಣ್ಣು ಒಂದು ಸಲಕ್ಕೆ ಸುಮಾರು ೨ ಲಕ್ಷದ ೧೦ ಸಾವಿರ ಮೊಟ್ಟೆಗಳನ್ನೂ, ೪.೬ ಕಿಲೋಗ್ರಾಮಿನ ಹೆಣ್ಣು ಸುಮಾರು ೬ ಲಕ್ಷದ ೮೦ ಸಾವಿರ ಮೊಟ್ಟೆಗಳನ್ನೂ ಇಡುವುದು. ಬೀಜಕ್ಕೆ ಬಿಡಬೇಕಾದ ಕಾಳನ್ನು ಯಾವ ರೈತನೂ ಬೀಸಿ ಉಣ್ಣುವುದಿಲ್ಲ. ಆದ್ದರಿಂದ ಚಿಕ್ಕ ಮೀನನ್ನು ತಪ್ಪದೆ ಬಿಡುವುದೂ, ಊಟಕ್ಕೆ ಬೇಕಾದಷ್ಟನ್ನು ಮಾತ್ರ ಇಟ್ಟುಕೊಳ್ಳುವುದೂ ಯೋಗ್ಯವು.

ಬಿಡುವ ಕ್ರಮವೂ ಬೇರೆ ಮೀನುಗಳಂತಲ್ಲ. ಕೇದರವನ್ನು ನೀರಿನಲ್ಲಿ ಸುಮ್ಮನೆ ಹಿಡಿದು ನಿಲ್ಲಿಸಿದರೆ ಅದರ ಕಿವಿರಿಗೆ ನೀರು ಸಾಲದು. ಗಾಳವನ್ನು ಬೇಗ ತೆಗೆದು, ಒದ್ದೆ ಕೈಯಿಂದ ಬಾಲದ ಬುಡವನ್ನು ಹಿಡಿದು, ತಲೆ ಕೆಳಗಾಗಿ ನೀರಿನೊಳಕ್ಕೆ ರಭಸದಿಂದ ನೂಕಬೇಕು. ಬೀಳುವ ವೇಗಕ್ಕೆ ಬಾಯಿಯ ಮೂಲಕ ನೀರು ಕಿವಿರಿಗೆ ನುಗ್ಗಿ, ಮೀನು ಚೇತರಿಸಿಕೊಂಡು ಈಜುವುದು.

೬. ಇಟ್ಟುಕೊಳ್ಳುವ ಮೀನಿನ ರಕ್ಷಣೆ

ಈ ಭಾಗವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಮೀನು ಸತ್ತೊಡನೆ ಅದರ ಕಿವಿರು ಕರುಳುಗಳಲ್ಲಿರುವ ಸೂಕ್ಷ್ಮಜೀವಿಗಳು ಬಿಸಿಯಾದ ಮಾಂಸದಲ್ಲಿ ವೃದ್ಧಿಯಾಗಿ, ಹಿಸ್ಟಿಡಿನನ್ನು ಹಿಸ್ಟಮಿನ್ ಎಂಬ ವಿಷವಾಗಿ ಮಾರ್ಪಡಿಸುವುವು. ಕೇದರದ ಮೈ ಮೊದಲೇ ಬೆಚ್ಚಗಿರುವುದು. ಅದರ ಮೇಲೆ ನಮ್ಮ ಕರಾವಳಿಯ ಬಿಸಿಲು. ಎರಡೂ ಸೇರಿದರೆ ಕೆಲವು ಗಂಟೆಗಳೇ ಸಾಕು.

ಹಿಸ್ಟಮಿನ್ ಒಮ್ಮೆ ಹುಟ್ಟಿದ ಮೇಲೆ ಬೇಯಿಸುವುದರಿಂದಾಗಲಿ, ಹುರಿಯುವುದರಿಂದಾಗಲಿ, ಹೆಪ್ಪುಗಟ್ಟಿಸುವುದರಿಂದಾಗಲಿ, ಉಪ್ಪು ಹಾಕಿ ಒಣಗಿಸುವುದರಿಂದಾಗಲಿ ಹೋಗುವುದಿಲ್ಲ. ಹುಳಿ ಖಾರಗಳೂ ಅದನ್ನು ಕೊಲ್ಲಲಾರವು. ಇನ್ನೂ ಅಪಾಯವೇನೆಂದರೆ, ನೋಟಕ್ಕೂ ವಾಸನೆಗೂ ಚೆನ್ನಾಗಿರುವ ಮೀನಿನಲ್ಲಿಯೂ ಅದು ಇರಬಹುದು. ಮಾಂಸದ ಒಂದು ಕಿಲೋಗ್ರಾಮಿನಲ್ಲಿ ೨೦೦ ಮಿಲಿಗ್ರಾಮಿಗಿಂತ ಹೆಚ್ಚು ಹಿಸ್ಟಮಿನ್ ಇರಕೂಡದೆಂದು ಅಂತರರಾಷ್ಟ್ರೀಯ ಆಹಾರ ನಿಯಮವಿದೆ. ಇದನ್ನು ಹಳ್ಳಿಯಲ್ಲಿ ಅಳೆಯುವ ಸಾಧನವಿಲ್ಲದ್ದರಿಂದ, ವಿಷವು ಹುಟ್ಟದಂತೆ ನೋಡಿಕೊಳ್ಳುವುದೊಂದೇ ಉಪಾಯ.

ಇದಕ್ಕೆ ಮಾಡತಕ್ಕ ಕೆಲಸ ಹೀಗಿದೆ: ಮೀನು ದೋಣಿಗೆ ಬಂದೊಡನೆ ತಲೆಗೆ ಒಂದು ಪೆಟ್ಟು ಕೊಟ್ಟು, ಬಡಿದಾಡದಂತೆ ಮಾಡಬೇಕು. ಕಿವಿರಿನ ಬುಡವನ್ನು ಕೊಯ್ದು, ತಲೆ ಕೆಳಗೆ ಮಾಡಿ ಕೆಲವು ನಿಮಿಷ ಹಿಡಿದು ರಕ್ತವನ್ನು ಪೂರ್ತಿಯಾಗಿ ಹರಿಸಬೇಕು. ರಕ್ತದೊಡನೆ ಶಾಖವೂ ಸ್ವಲ್ಪ ಹೋಗುವುದು, ಮಾಂಸದ ಕಮಟೂ ಕಡಮೆಯಾಗುವುದು. ಅನಂತರ ಕಿವಿರು ಕರುಳುಗಳನ್ನು ತೆಗೆದು, ಶುದ್ಧವಾದ ಸಮುದ್ರದ ನೀರಿನಲ್ಲಿ ತೊಳೆದು, ಪುಡಿಮಾಡಿದ ಮಂಜುಗಡ್ಡೆಯಲ್ಲಿ ಹುಗಿಯಬೇಕು. ಒಂದು ಕಿಲೋಗ್ರಾಮು ಮೀನಿಗೆ ಒಂದು ಕಿಲೋಗ್ರಾಮು ಮಂಜುಗಡ್ಡೆ ಎಂಬ ಲೆಕ್ಕವನ್ನು ಇಟ್ಟುಕೊಳ್ಳುವುದು ಕ್ಷೇಮ. ಮಂಜುಗಡ್ಡೆಗೆ ಸ್ವಲ್ಪ ಸಮುದ್ರದ ನೀರು ಬೆರೆಸಿದರೆ ಮೈಯೆಲ್ಲಕ್ಕೂ ತಂಪು ಬೇಗ ತಗುಲುವುದು. ಒದ್ದೆ ಗೋಣಿಯನ್ನು ಮುಚ್ಚುವುದು ಮಂಜುಗಡ್ಡೆಗೆ ಸಮವಲ್ಲ.

ಬಿಸಿಲುಕಾಲದಲ್ಲಿ ಸತ್ತ ೬ ಗಂಟೆಗಳೊಳಗೆ ಮೀನನ್ನು ಮಂಜುಗಡ್ಡೆಗೆ ಸೇರಿಸಬೇಕೆಂದು ಅಮೆರಿಕದ ಆಹಾರ ಇಲಾಖೆಯು ಸಲಹೆ ಕೊಟ್ಟಿದೆ. ಅದು ಕೊನೆಯ ಮಿತಿಯೇ ಹೊರತು ಕಾಯುವುದಕ್ಕೆ ಕೊಟ್ಟ ಅವಕಾಶವಲ್ಲ. ಮಂಜುಗಡ್ಡೆಯನ್ನು ಒಯ್ಯದ ದೋಣಿಯಲ್ಲಿ ಕೇದರವನ್ನು ಇಟ್ಟುಕೊಳ್ಳದೆ ಬಿಡುವುದೇ ಲೇಸು.

ಕೆಟ್ಟ ಮೀನನ್ನು ತಿಂದವರಿಗೆ ಕೆಲವು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಮುಖ ಕತ್ತುಗಳು ಕೆಂಪೇರುವುವು, ಬಾಯಿ ಉರಿಯುವುದು, ತಲೆನೋವು, ಮೈ ತುರಿಕೆ, ಎದೆಬಡಿತ, ವಾಂತಿ ಭೇದಿಗಳು ಕಾಣುವುವು. ಒಂದೇ ಅಡಿಗೆಯನ್ನು ಉಂಡ ಹಲವರಿಗೆ ಏಕಕಾಲದಲ್ಲಿ ಹೀಗಾದರೆ ಹಿಸ್ಟಮಿನ್ ವಿಷವೆಂದು ಬಲವಾಗಿ ಶಂಕಿಸಬೇಕು. ಮದುವೆ ಮುಂತಾದ ದೊಡ್ಡ ಊಟಗಳಲ್ಲಿ ಇಂತಹುದು ಕಂಡರೆ, ಗ್ರಾಮದ ಮುಖ್ಯಸ್ಥರು ಬಡಿಸುವುದನ್ನು ತತ್‌ಕ್ಷಣವೇ ನಿಲ್ಲಿಸಿ, ಉಳಿದ ಮೀನಿನ ಒಂದು ತುಂಡನ್ನು ಪರೀಕ್ಷೆಗಾಗಿ ಬೇರೆ ಇಟ್ಟು, ಅಸ್ವಸ್ಥರನ್ನು ವೈದ್ಯರ ಬಳಿಗೆ ಕಳುಹಿಸತಕ್ಕದ್ದು. ಉಸಿರಾಟಕ್ಕೆ ತೊಂದರೆಯಾದವರನ್ನು ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಸಕಾಲದಲ್ಲಿ ಔಷಧ ದೊರೆತರೆ ಸಾಮಾನ್ಯವಾಗಿ ಒಂದು ದಿನದೊಳಗೆ ಗುಣವಾಗುವುದು.

೭. ಗ್ರಾಮಕ್ಕೆ ಆಗುವ ಪ್ರಯೋಜನ

ಕ್ರಮವಾಗಿ ರಕ್ಷಿಸಿದ ಕೇದರವು ಬಡವರಿಗೂ ನಿಲುಕುವ ಉತ್ತಮ ಆಹಾರ. ಮಾಂಸದ ನೂರು ಭಾಗಗಳಲ್ಲಿ ೨೦ಕ್ಕಿಂತ ಹೆಚ್ಚು ಭಾಗ ಪ್ರೋಟೀನು ಇರುವುದು. ನಡುವಿನ ಕಡುಗೆಂಪು ಪಟ್ಟಿಯನ್ನು ಬೇರೆ ತೆಗೆದರೆ ಉಳಿದ ಮಾಂಸವು ರುಚಿಯಲ್ಲಿ ಸೌಮ್ಯವಾಗುವುದು. ತಲೆ, ಕರುಳು, ಮುಳ್ಳುಗಳನ್ನು ದಡದಲ್ಲಿ ಎಸೆದು ನೊಣಗಳನ್ನು ಬೆಳೆಸುವ ಬದಲು ತೆಂಗಿನ ಪಾತಿಗಳಲ್ಲಿ ಆಳವಾಗಿ ಹೂಳತಕ್ಕದ್ದು. ಒಣಗಿದ ಮೀನುಗೊಬ್ಬರದಲ್ಲಿ ನೂರಕ್ಕೆ ೪ರಿಂದ ೧೦ ಭಾಗ ಸಾರಜನಕವೂ, ೩ರಿಂದ ೯ ಭಾಗ ರಂಜಕಾಮ್ಲವೂ ಇರುವುವು.

ಬೇಟೆಗಾಗಿ ಬರುವ ಅತಿಥಿಯು ಒಂದು ಮೀನನ್ನು ಹಿಡಿದು ಬಿಟ್ಟು ಹೋದರೂ, ದೋಣಿಯ ಬಾಡಿಗೆ, ನಡೆಸುವವನ ಕೂಲಿ, ಊಟ ವಸತಿಗಳ ಹಣವು ಊರಿನಲ್ಲಿಯೇ ಉಳಿಯುವುದು. ಹಕ್ಕಿ, ಗಾಳಿ, ನೀರಿನ ಬಣ್ಣಗಳನ್ನು ಓದಬಲ್ಲ ಬೆಸ್ತರ ತಿಳಿವಳಿಕೆಗೆ ಹೀಗೆ ಒಂದು ಹೊಸ ಬೆಲೆ ಬರುವುದು. ಆದರೆ ಅತಿಥಿಗೆ ತೇಲುವ ಅಂಗಿಯನ್ನು ತೊಡಿಸದೆ ದೋಣಿ ಹತ್ತಿಸಕೂಡದು. ಕರ್ನಾಟಕದ ತೀರದಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಆ ಕಾಲದ ಕಡಲು ಬೇಟೆಗೆ ತಕ್ಕುದೂ ಅಲ್ಲ.

೮. ನೆನಪಿನಲ್ಲಿಡತಕ್ಕ ಅಂಶಗಳು

(೧) ಬೆನ್ನಿನ ಮೇಲೆ ಓರೆ ಗೆರೆ, ಎದೆಯ ರೆಕ್ಕೆಯ ಕೆಳಗೆ ಕಪ್ಪು ಚುಕ್ಕೆ: ಇದು ಕೇದರದ ಗುರುತು.
(೨) ಬಿಸಿರಕ್ತವೇ ಇದರ ಬಲ, ಅದೇ ಇದು ಬೇಗ ಕೆಡುವುದಕ್ಕೆ ಕಾರಣ.
(೩) ಹಿಂಡಿನ ಮಧ್ಯಕ್ಕೆ ದೋಣಿಯನ್ನು ನುಗ್ಗಿಸಬಾರದು.
(೪) ಮೀನನ್ನು ಅನವಶ್ಯವಾಗಿ ಬಹುಹೊತ್ತು ಕಾದಾಡಿಸಬಾರದು.
(೫) ಚಿಕ್ಕ ಮೀನನ್ನು ತಲೆ ಕೆಳಗಾಗಿ ನೀರಿಗೆ ನೂಕಿ ಬಿಡಬೇಕು.
(೬) ಇಟ್ಟುಕೊಳ್ಳುವ ಮೀನಿನ ರಕ್ತವನ್ನು ಹರಿಸಿ, ಕರುಳು ತೆಗೆದು, ಸಮತೂಕದ ಮಂಜುಗಡ್ಡೆಯಲ್ಲಿ ಹುಗಿಯಬೇಕು.
(೭) ಬಿಸಿಲಿನಲ್ಲಿ ಬಿದ್ದಿದ್ದ ಕೇದರವನ್ನು ಬೇಯಿಸಿಯೂ, ಉಪ್ಪು ಹಾಕಿಯೂ ತಿನ್ನಬಾರದು, ಮಾರಲೂ ಬಾರದು.

ಗ್ರಾಮದ ಮುಖ್ಯಸ್ಥರು ಈ ಅಂಶಗಳನ್ನು ದೋಣಿಯವರಿಗೂ, ದಡದಲ್ಲಿ ಮೀನು ಮಾರುವ ಹೆಂಗಸರಿಗೂ ಓದಿ ಹೇಳತಕ್ಕದ್ದು. ದೋಣಿಯು ಹೊರಡುವ ಮೊದಲು ಮಂಜುಗಡ್ಡೆಯ ಪೆಟ್ಟಿಗೆಯು ತುಂಬಿದೆಯೇ ಎಂದು ಒಮ್ಮೆ ವಿಚಾರಿಸುವ ಅಭ್ಯಾಸವು ಊರಿನಲ್ಲಿ ಬೆಳೆದರೆ, ಕೇದರದ ಮೇಲಿರುವ ದೂರುಗಳಲ್ಲಿ ಬಹುಭಾಗವು ತಾನಾಗಿಯೇ ಇಲ್ಲವಾಗುವುದು.